ಹಗಲಲ್ಲಿ ಬತ್ತುವ ಹಳ್ಳ

ನಾನು ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಒಂದು ಸಂಜೆ ಆಕಾಶ ಕೆಂಪಗಿತ್ತೆಂದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಆ ದಿನದ ನನ್ನ ದಿನಚರಿ ತೆಗೆದರೆ ‘ಮೋಡ’ ಎಂದಿದೆ. ಯಾವುದನ್ನು ನಂಬಲಿ? ನೋಡಿದವಳೂ ನಾನೇ, ದಣಿದು ಬಂದು ಕೈಗೆ ತೋಚಿದ್ದನ್ನು ಗೀಚಿ ಮಲಗಿದವಳೂ ನಾನೇ. ನೆನಪೆಂದು ತಿಳಿದುಕೊಂಡದ್ದರಲ್ಲಿ ಎಷ್ಟೋ ಪಾಲು, ಆಮೇಲೆ ಯಾರಿಗೋ ಹೇಳುವಾಗ ಸೇರಿಕೊಂಡದ್ದು. ಆದ್ದರಿಂದ ಅನುಮಾನ ಬಂದ ಕಡೆ ಅನುಮಾನವೆಂದೇ ಬರೆಯುತ್ತೇನೆ.

ನಾನು ಮಾಡುತ್ತಿದ್ದ ನೀರು ಪರೀಕ್ಷೆಯ ಕೆಲಸಕ್ಕೆ ಈಗ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. “ಆಗ ಹೇಗಿತ್ತು ಮೇಡಂ?” ಎಂದು ಕೇಳುತ್ತಾರೆ. ಬಡ್ತಿ, ವರ್ಗಾವಣೆ, ಮೇಲಿನವರ ಮೆಚ್ಚುಗೆ ಇವೆಲ್ಲ ಯಾವ ಕೆಲಸದಲ್ಲೂ ಒಂದೇ. ಹೇಳಬೇಕಾದದ್ದು ಹಳ್ಳಗಳ ವಿಷಯ.

ವಿಜ್ಞಾನದಲ್ಲಿ ಪದವಿ ಮುಗಿಸಿ, ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ನೀರು ಪರೀಕ್ಷಿಸುವ ಒಂದು ಪ್ರಯೋಗಶಾಲೆ ಸೇರಿದೆ. ಊರಿನ ಸುತ್ತಿನ ಕೆರೆಕಟ್ಟೆಗಳಿಗೆ ನೀರು ತರುವ ಸಣ್ಣ ಹಳ್ಳಗಳಿಂದ ಸೀಸೆಯಲ್ಲಿ ನೀರು ತರುತ್ತಿದ್ದರು. ಅದು ಕುಡಿಯಲು ಯೋಗ್ಯವೇ ಎಂದು ನಾವು ನೋಡಬೇಕಿತ್ತು. ಹೆಂಗಸಾದ್ದರಿಂದ ನನ್ನನ್ನು ಸೀಸೆ ತೊಳೆಯುವ ಮೇಜಿಗೆ ಕೂರಿಸಿದರು. ಅಲ್ಲಿಂದ ಹಳ್ಳಕ್ಕೆ ನಾನು ಹೋದದ್ದು ಒಂದು ಫಜೀತಿಯ ದೆಸೆಯಿಂದ. ಒಂಟಿಕೊಪ್ಪಲಿನ ಆಚೆಯ ಒಂದು ಹಳ್ಳದ ನೀರನ್ನು ಪರೀಕ್ಷಿಸಿ, ಇಷ್ಟು ಶುದ್ಧವಾದ ನೀರು ಸೀಮೆಯಲ್ಲೇ ಇಲ್ಲ ಎಂದು ವರದಿ ಕಳಿಸಿದೆವು. ಆಮೇಲೆ ಗೊತ್ತಾಯಿತು: ನೀರು ತರಬೇಕಾದ ಜವಾನ ಬಿಸಿಲಿಗೆ ಹೆದರಿ, ನಮ್ಮ ಆಫೀಸಿನ ಹಿಂದಿನ ನಲ್ಲಿಯಲ್ಲೇ ಸೀಸೆ ತುಂಬಿಸಿದ್ದ.

ನಮ್ಮ ಮೇಲಧಿಕಾರಿ ನಂಜುಂಡರಾಯರು ಪೇಟ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ನಕ್ಕರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿದರು. “ಲೂಸಮ್ಮ, ಇನ್ನು ಮೇಲೆ ನೀವೇ ಹೋಗಿಬಿಡಿ. ನಿಮಗೆ ಸುಳ್ಳು ಹೇಳೋಕೆ ಬರೋದಿಲ್ಲ.”

“ಬರುತ್ತೆ ಸಾರ್, ಅಭ್ಯಾಸ ಇಲ್ಲ ಅಷ್ಟೇ,” ಎಂದೆ. ಅದಕ್ಕೂ ನಕ್ಕರು. ಒಳ್ಳೆಯ ಮನುಷ್ಯರು. ಮುಂದೆ ನಡೆದದ್ದನ್ನು ಓದುವಾಗ ಅದನ್ನು ಮರೆಯಬಾರದು.

ಹಳ್ಳಕ್ಕೆ ಹೋಗತೊಡಗಿದ ಮೇಲೆ ಸೀಸೆಯ ಮೇಲಿನ ನನ್ನ ಭಕ್ತಿ ಕಡಿಮೆಯಾಯಿತು. ಸೀಸೆ ಹೇಳುವುದು ಆ ಒಂದು ಗಳಿಗೆಯ ನೀರಿನ ಸಮಾಚಾರ. ಹಳ್ಳದ ಕಲ್ಲು ಮಗುಚಿ ಅದರ ಅಡಿಯಲ್ಲಿ ಯಾರು ವಾಸವಾಗಿದ್ದಾರೆಂದು ನೋಡಿದರೆ ಹಿಂದಿನ ತಿಂಗಳುಗಳ ಸಮಾಚಾರವೂ ಸಿಗುತ್ತದೆ. ಮರಳಿನ ಕಾಳು, ಎಲೆಯ ಚೂರು ಅಂಟಿಸಿ ಮಾಡಿಕೊಂಡ ಗೂಡನ್ನು ಹೊತ್ತೇ ತಿರುಗುವ ಹುಳುಗಳಿವೆ. ನೀರು ಕೆಟ್ಟರೆ ಮೊದಲು ಕಾಣೆಯಾಗುವುದು ಅವು. ಮೂರು ಎಳೆಯ ಬಾಲದ ಚಪ್ಪಟೆ ಹುಳು ಇದ್ದರೆ ನೀರು ತಂಪಾಗಿ ಹರಿಯುತ್ತಿದೆ ಎಂದರ್ಥ. ಕೆಂಪು ದಾರದಂಥ ಹುಳುಗಳಷ್ಟೇ ಇದ್ದರೆ ಮೇಲುಗಡೆ ಯಾರೋ ಕೊಟ್ಟಿಗೆ ತೊಳೆಯುತ್ತಿದ್ದಾರೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಕಾಲೇಜಿನ ಪುಸ್ತಕಗಳಲ್ಲೂ ಇರಲಿಲ್ಲ. ಹುಡುಗಿಯರಿಗೆ ಒಂದೇ ಮಾತು: ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ತಿರುಗಿಸಿಡಿ. ಅದು ಒಬ್ಬರ ಮನೆಯ ಚಾವಣಿ.

ಆ ಕಾಲದಲ್ಲಿ ನಮ್ಮ ಆಫೀಸಿನ ನಕ್ಷೆಯಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಿನಿಂದ ಇಳಿದು ಶ್ರೀರಾಂಪುರದ ದಿಕ್ಕಿಗೆ ಬರುವ ಒಂದು ಸಣ್ಣ ಹಳ್ಳಕ್ಕೆ ‘ಒಣ ಹಳ್ಳ’ ಎಂದು ಬರೆದಿತ್ತು. ಬೇಸಿಗೆಯಲ್ಲಿ ನಮ್ಮವರು ಯಾರು ಯಾವಾಗ ಹೋದರೂ ಅದರಲ್ಲಿ ನೀರಿರುತ್ತಿರಲಿಲ್ಲ. ಒಣ ಹಳ್ಳವಲ್ಲವೇ ಎಂದು, ಅದರ ಪಾತ್ರಕ್ಕೆ ಅಡ್ಡಲಾಗಿ ಮೋರಿಯಿಲ್ಲದೆ ಮಣ್ಣು ಹಾಕಿ ಬಂಡಿದಾರಿ ಮಾಡಲು ನಮ್ಮ ನಕ್ಷೆ ನಂಬಿದ ರಸ್ತೆಯವರು ಹೊರಟರು. ಮಾರನೆಯ ದಿನವೇ ಅಲ್ಲಿನ ಕೊಪ್ಪಲಿನ ಒಕ್ಕಲಗಿತ್ತಿ ಕೆಂಪಮ್ಮ ಮೊಸರಿನ ಗಡಿಗೆ ಹೊತ್ತೇ ಆಫೀಸಿಗೆ ನುಗ್ಗಿದಳು.

“ಏನ್ ಸ್ವಾಮಿ, ನಾವ್ ಕುಡಿಯೋ ಅಳ್ಳಕ್ಕೆ ಮಣ್ ಆಕ್ಬುಟ್ರಲ್ಲ! ನಮ್ ಬಾಯಿಗೂ ಅಂಗೇ ಒಂದ್ ಬೊಗಸೆ ಆಕ್ಬುಡಿ.”

ರಾಯರು ಸಮಾಧಾನವಾಗಿ ಹೇಳಿದರು: “ಅದು ಒಣಗಿದ ಹಳ್ಳ ಕಣಮ್ಮ. ನಮ್ಮೋರು ಕಣ್ಣಾರೆ ನೋಡಿದ್ದಾರೆ.”

“ನಿಮ್ಮೋರು ಬರೋ ಒತ್ಗೆ ಅದು ಎದ್ದೋಗಿರ್ತದೆ.”

“ಎದ್ದು ಹೋಗುತ್ತೆ? ಹಳ್ಳ ಏನು ನಮ್ಮ ಗುಮಾಸ್ತನೇನಮ್ಮ, ಎದ್ದು ಹೋಗೋಕೆ?”

“ನಿಮ್ ಗುಮಾಸ್ತಂಗಿಂತ ವಾಸಿ, ಬುದ್ಧಿ. ಸಂಜೆಗೆ ವಾಪಸ್ ಬತ್ತದೆ.”

ಇಡೀ ಆಫೀಸು ಗೊಳ್ಳೆಂದಿತು. ಕೆಂಪಮ್ಮ ನಗಲಿಲ್ಲ. ಬೇಸಿಗೆಯಲ್ಲಿ ಹಗಲು ಬೆಟ್ಟಕ್ಕೆ ಬಾಯಾರಿಕೆಯಾಗಿ ಹಳ್ಳವನ್ನು ಕುಡಿದುಬಿಡುತ್ತದೆಂದೂ, ಹೊತ್ತು ಮುಳುಗಿದ ಮೇಲೆ ಬಿಟ್ಟುಕೊಡುತ್ತದೆಂದೂ, ತಮ್ಮ ಹೆಂಗಸರು ಬೆಳಗಿನ ಜಾವವೇ ಹೋಗಿ ಕೊಡ ತುಂಬಿಸಿಕೊಳ್ಳುತ್ತಾರೆಂದೂ ಹೇಳಿದಳು. ಮಧ್ಯಾಹ್ನ ಅಲ್ಲಿ ನಿಂತವರನ್ನೂ ಬೆಟ್ಟ ಕುಡಿಯುತ್ತದೆ ಎಂದು, ಗಡಿಗೆ ಎತ್ತಿಕೊಳ್ಳುವಾಗ ಸೇರಿಸಿದಳು.

ಬೆಟ್ಟದ ವಿಷಯ ಹೇಗಾದರೂ ಇರಲಿ, ಒಂದು ಮಾತು ನನ್ನನ್ನು ಚುಚ್ಚಿತು. ನಮ್ಮ ಆಫೀಸು ತೆರೆಯುತ್ತಿದ್ದದ್ದು ಹನ್ನೊಂದು ಗಂಟೆಗೆ. ಸರ್ಕಾರದ ಕಣ್ಣು ಯಾವ ಹಳ್ಳವನ್ನೂ ಹನ್ನೊಂದಕ್ಕೆ ಮೊದಲು, ಐದರ ನಂತರ ನೋಡಿರಲೇ ಇಲ್ಲ. ಕಚೇರಿಯ ವೇಳೆಯಲ್ಲಿ ಇಲ್ಲದ ನೀರು ನಮ್ಮ ಪಾಲಿಗೆ ಇಲ್ಲವೇ ಇಲ್ಲ.

ಬಂಡಿದಾರಿಯ ಕೆಲಸ ನಿಲ್ಲಿಸಲು ಹೇಳಿ, ಹೋಗಿ ನೋಡಿಬನ್ನಿ ಎಂದು ರಾಯರು ನನ್ನನ್ನು ಕಳಿಸಿದರು. ಉಳಿದುಕೊಳ್ಳಲು ನನಗೆ ಅಲ್ಲೊಂದು ಮನೆಯಿತ್ತು. ನನ್ನ ತಾಯಿಯ ತಂಗಿ ಜ್ಞಾನಮ್ಮ ಹಳ್ಳದ ದಡದಲ್ಲೇ ಒಂದು ಸೀಬೆ ತೋಟ ಇಟ್ಟುಕೊಂಡು ಒಬ್ಬಳೇ ಇದ್ದಳು. ಇನ್‌ಫ್ಲುಯೆಂಜಾ ಜ್ವರ ಬಂದ ವರ್ಷ ಅವಳ ಗಂಡನೂ ಇಬ್ಬರು ಗಂಡುಮಕ್ಕಳೂ ಒಬ್ಬರ ಹಿಂದೆ ಒಬ್ಬರು ಹೋಗಿದ್ದರು. ಊರೊಳಗೆ ಚರ್ಚಿನ ಹತ್ತಿರ ನಮ್ಮ ಮನೆಗೇ ಬಂದಿರು ಎಂದು ಅಮ್ಮ ಎಷ್ಟು ಅತ್ತು ಕರೆದರೂ ಅವಳು ಬಂದಿರಲಿಲ್ಲ. ಭಾನುವಾರ ಪೂಜೆಗೆ ನಡೆದು ಬಂದು, ಊಟ ಮಾಡಿ, ಬಿಸಿಲು ಇಳಿಯುವ ಮೊದಲೇ ಏನೋ ಅವಸರದಲ್ಲಿ ಹೊರಟುಬಿಡುತ್ತಿದ್ದಳು. ಆ ಅವಸರ ಏಕೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಬೆಳಿಗ್ಗೆ ಹೋದಾಗ ಹಳ್ಳ ನಿಜವಾಗಿಯೂ ಹರಿಯುತ್ತಿತ್ತು. ಹೆಚ್ಚೇನಲ್ಲ, ಪಾದ ಮುಳುಗುವಷ್ಟು. ಎರಡೂ ದಡದಲ್ಲಿ ಹೊಂಗೆ ಮರಗಳು ಒತ್ತೊತ್ತಾಗಿ ಬೆಳೆದು ಮೇಲೆ ಕೂಡಿಕೊಂಡಿದ್ದವು. ನಾನು ಒಂದು ಬಂಡೆಯ ಮೇಲೆ ಕೂತೆ. ಬಿಸಿಲೇರಿದಂತೆ ನೀರಿನ ಸದ್ದು ತೆಳ್ಳಗಾಯಿತು. ನೀರು ಹೋಗುವುದು ಕಣ್ಣಿಗೆ ಕಾಣುವುದಿಲ್ಲ. ನೋಡುತ್ತಿದ್ದ ಕಲ್ಲು ಯಾವಾಗಲೋ ಒಣಗಿರುತ್ತದೆ. ಸಣ್ಣ ಮೀನುಗಳು ಗುಂಡಿಗಳಿಗೆ ಸರಿದವು, ಅವಸರವೇ ಇಲ್ಲದೆ, ದಿನವೂ ಮಾಡುವ ಕೆಲಸದಂತೆ. ಏಡಿಗಳು ಕಲ್ಲಿನ ಅಡಿಗೆ ಹೋದವು. ಗೂಡು ಹೊತ್ತ ಹುಳುಗಳು ಬಾಗಿಲು ಮುಚ್ಚಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಹಳ್ಳ ಇರಲಿಲ್ಲ.

ನಾನು ಹೆದರುವ ಹೆಂಗಸಲ್ಲ. ಆದರೂ ಆ ಮಧ್ಯಾಹ್ನ ಆ ಬಂಡೆಯ ಮೇಲೆ ಕೂತಿರುವುದು ಕಷ್ಟವಾಯಿತು. ಗಾಳಿಯಿಲ್ಲ, ಹಕ್ಕಿಯಿಲ್ಲ. ತಲೆಯ ಮೇಲೆ ಹೊಂಗೆಯ ಎಳೆ ಎಲೆಗಳು ಮಿರಮಿರನೆ ಹೊಳೆಯುತ್ತಿದ್ದವು. ನನ್ನ ಸುತ್ತ ಬಹಳ ಜನ ಮಾತಿಲ್ಲದೆ ಊಟಕ್ಕೆ ಕೂತಿದ್ದಾರೆ, ನಾನು ಕರೆಯದೆ ಬಂದು ನಡುವೆ ಕೂತಿದ್ದೇನೆ ಎನ್ನಿಸಿತು. ಬಾಯಿ ಒಣಗಿತು. ಹೂಜಿಯಲ್ಲಿ ನೀರಿದ್ದರೂ ಅಲ್ಲಿ ಕುಡಿಯಲು ಮನಸ್ಸಾಗಲಿಲ್ಲ.

ಹೊತ್ತು ಇಳಿಯಿತು. ಚಿಕ್ಕಮ್ಮ ತೋಟದ ಬೇಲಿ ದಾಟಿ ಬಂದಳು. ಕೈಯಲ್ಲಿ ಜಪಸರ. ನನ್ನನ್ನು ನೋಡಿ, “ಇನ್ನೂ ಇಲ್ಲೇ ಕೂತಿದ್ದೀಯಾ ಮಗಾ? ಸರಿ, ಸದ್ದು ಮಾಡ್ಬೇಡ,” ಎಂದು ಕೆಳಗಿನ ಕಲ್ಲಿನ ಮೇಲೆ ಕೂತಳು.

ನಮ್ಮವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಜಪಸರವನ್ನು ಮನೆಮಂದಿಯೆಲ್ಲ ಸೇರಿ ಹೇಳುವಾಗ ಪ್ರತಿ ಮಣಿಯ ಪ್ರಾರ್ಥನೆಯನ್ನು ಎರಡು ಪಾಲು ಮಾಡುತ್ತಾರೆ. ಒಬ್ಬರು ಮೊದಲರ್ಧ ಹೇಳಿ ನಿಲ್ಲಿಸುತ್ತಾರೆ. ಉಳಿದವರೆಲ್ಲ ಒಟ್ಟಿಗೆ ಎರಡನೆಯ ಅರ್ಧ ಹೇಳುತ್ತಾರೆ. ಅದನ್ನು ನಮ್ಮ ಮನೆಗಳಲ್ಲಿ ‘ಎದುರು ಹೇಳುವುದು’ ಎನ್ನುತ್ತಾರೆ. ಒಬ್ಬರೇ ಇದ್ದರೆ ಎರಡೂ ಅರ್ಧವನ್ನು ತಾವೇ ಹೇಳಿಕೊಳ್ಳಬೇಕು.

ಚಿಕ್ಕಮ್ಮ ಮೊದಲರ್ಧ ಹೇಳಿದಳು. ನಿಲ್ಲಿಸಿದಳು. ಎರಡನೆಯ ಅರ್ಧ ಹೇಳಲಿಲ್ಲ. ಮುಂದಿನ ಮಣಿಗೆ ಬೆರಳು ಸರಿಸಿ ಮತ್ತೆ ಮೊದಲರ್ಧ. ಮತ್ತೆ ಮೌನ. ಮರೆವು ಬಂದಿದೆಯೇನೋ ಎಂದುಕೊಂಡೆ. ಆಗಲೇ ಹಳ್ಳದ ಮೇಲುಗಡೆ, ಕಲ್ಲುಗಳ ಅಡಿಯಿಂದ, ಹಲವರು ಒಟ್ಟಿಗೆ ತಗ್ಗಿದ ದನಿಯಲ್ಲಿ ಗೊಣಗಿದಂತಾಯಿತು. ಅದು ನಿಂತಿತು. ಚಿಕ್ಕಮ್ಮ ಮೊದಲರ್ಧ ಹೇಳಿದಳು. ಅದು ಮತ್ತೆ ಗೊಣಗಿತು, ಸ್ವಲ್ಪ ಹತ್ತಿರದಲ್ಲಿ.

ಏನೆಂದು ನನಗೆ ಬೇಗ ತಿಳಿಯಿತು, ಇಲ್ಲವೇ ಬೇಗ ತಿಳಿಯಿತೆಂದು ಈಗ ಅಂದುಕೊಂಡಿದ್ದೇನೆ. ನೀರು ವಾಪಸು ಬರುತ್ತಿತ್ತು. ಒಣಗಿದ ಜಲ್ಲಿಯೊಳಗೆ ನೀರು ಏರುವಾಗ ಅಲ್ಲಿದ್ದ ಗಾಳಿ ಗುಳುಗುಳು ಎಂದು ಹೊರಡುತ್ತದೆ. ಒಂದು ಗುಂಡಿ ತುಂಬಿ ಅಂಚು ದಾಟುವವರೆಗೆ ಸದ್ದು, ಮುಂದಿನ ಗುಂಡಿ ತುಂಬುವವರೆಗೆ ಮೌನ. ವರ್ಷಾನುಗಟ್ಟಲೆ ಅಲ್ಲಿ ಕೂತ ಚಿಕ್ಕಮ್ಮನ ಉಸಿರು ಆ ಮೌನಕ್ಕೆ ಹೊಂದಿಕೊಂಡಿತ್ತು. ಇಷ್ಟೇ. ಇದರಲ್ಲಿ ಒಂದು ಮಾತನ್ನೂ ನಾನು ಇಂದಿಗೂ ಬದಲಾಯಿಸುವುದಿಲ್ಲ.

ಆ ರಾತ್ರಿ ರಾಗಿರೊಟ್ಟಿ ತಟ್ಟುತ್ತ ಚಿಕ್ಕಮ್ಮ ತಾನಾಗಿಯೇ ಕೇಳಿದಳು. “ಕೇಳಿಸ್ತಾ?”

“ನೀರು ಬರೋ ಸದ್ದು ಕೇಳಿಸ್ತು.”

“ನೀನು ಬಿಡಪ್ಪ, ಓದಿದೋಳು. ನಮ್ಮೋರು ಕಣೇ. ಎದುರು ಹೇಳ್ತಾರೆ. ಮಳೆಗಾಲದಲ್ಲಿ ನೀರಿನ ಗಲಾಟೇಲಿ ಒಂದೂ ಗೊತ್ತಾಗಕ್ಕಿಲ್ಲ. ಬೇಸಿಗೇಲೇ ಚೆಂದ.”

“ಎಲ್ಲಾ ಒಂದೇ ಗೊಣಗಾಟ ಚಿಕ್ಕಮ್ಮ. ಯಾರು ಯಾರು ಅಂತ ನಿಂಗೆ ಹೇಗೆ ಗೊತ್ತು?”

“ಅಯ್ಯೋ, ಹೆತ್ತೋಳಿಗೆ ಗೊತ್ತಾಗಕ್ಕಿಲ್ವಾ? ನಮ್ ಇನ್ನಾಸಿ ಒಂದ್ ಮಾತು ಹಿಂದೆ. ಎಲ್ರೂ ಮುಗಿಸಿದ ಮೇಲೆ ಅವನೊಬ್ಬನ ಆಮೆನ್ ಬರೋದು. ಆವಾಗ್ಲೂ ಅಂಗೇ ಅಲ್ವಾ, ಅವರಪ್ಪನ ಕೈಲಿ ಬೈಸ್ಕೋತಿದ್ದ.”

ಇನ್ನಾಸಿ ಅವಳ ದೊಡ್ಡ ಮಗ, ನನ್ನ ಓರಗೆಯವನು. ಜಪದಲ್ಲಿ ಅವನು ಯಾವಾಗಲೂ ಹಿಂದೆ ಬೀಳುತ್ತಿದ್ದದ್ದು, ನಾವೆಲ್ಲ ಮುಸಿಮುಸಿ ನಗುತ್ತಿದ್ದದ್ದು ನನಗೂ ನೆನಪಿತ್ತು. ಮಾರನೆಯ ಸಂಜೆ ಮತ್ತೆ ಹೋಗಿ ಕೂತೆ. ಗೊಣಗು ನಿಂತ ಮೇಲೆ, ಪ್ರತಿ ಸಲವೂ ಅಲ್ಲ, ಕೆಲವು ಸಲ, ಒಂದೇ ಒಂದು ಗುಳುಕ್ ತಡವಾಗಿ ಬರುತ್ತಿತ್ತು. ಜಲ್ಲಿಯಲ್ಲಿ ಸಿಕ್ಕಿಕೊಂಡ ಕೊನೆಯ ಗಾಳಿ. ಅದೂ ಸಹಜವೇ. ಆದರೆ ಆಕಾಶದ ಬಣ್ಣದ ಬಗ್ಗೆ ನನ್ನ ನೆನಪಿಗೂ ದಿನಚರಿಗೂ ಜಗಳ ಇರುವುದು ಆ ಸಂಜೆಯದೇ.

ಹಳ್ಳ ಹಗಲಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಪತ್ತೆ ಮಾಡಲು ನನಗೆ ಮುಂದಿನ ಬೇಸಿಗೆಯವರೆಗೆ ಹಿಡಿಯಿತು. ಬಿಸಿಲಿಗೆ ಆವಿಯಾಗುತ್ತದೆ ಎಂದು ರಾಯರು. ಆದರೆ ಮರದ ನೆರಳಿನಲ್ಲಿ ಬಿಸಿಲು ಬೀಳುತ್ತಲೇ ಇರಲಿಲ್ಲ. ದಟ್ಟ ಮೋಡ ಕವಿದ ದಿನ ಹಳ್ಳ ನಿಲ್ಲದೆ ಹರಿಯುತ್ತಿತ್ತು, ಸಂಜೆಯ ಗೊಣಗೂ ಇರುತ್ತಿರಲಿಲ್ಲ. ನಿಜವಾದ ಸುಳಿವು ಸಿಕ್ಕಿದ್ದು ಹೊಂಗೆ ಎಲೆ ಉದುರಿಸಿದಾಗ. ಮರಗಳು ಬೋಳಾಗಿ ಬಿಸಿಲು ನೇರ ನೀರಿಗೆ ಬಿದ್ದ ದಿನಗಳಲ್ಲಿ ಹಳ್ಳ ಮಧ್ಯಾಹ್ನವೂ ಹರಿಯಿತು. ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರಿ ತುಂಬಿಕೊಂಡದ್ದೇ ತಡ, ಮತ್ತೆ ಹಗಲಲ್ಲಿ ಬತ್ತಿತು. ಕುಡಿಯುತ್ತಿದ್ದದ್ದು ಬೆಟ್ಟವಲ್ಲ, ಮರಗಳು. ಬಿಸಿಲಿದ್ದಷ್ಟು ಹೊತ್ತು ಎಲೆಗಳು ಉಸಿರಾಡುತ್ತ ಬೇರಿನಿಂದ ನೀರೆಳೆಯುತ್ತವೆ, ಹೊತ್ತು ಮುಳುಗಿದರೆ ನಿಲ್ಲಿಸುತ್ತವೆ. ಆ ಮಧ್ಯಾಹ್ನ ನನ್ನ ಸುತ್ತ ಮೌನವಾಗಿ ಊಟಕ್ಕೆ ಕೂತಿದ್ದವರು ಯಾರೆಂದು ತಿಳಿಯಿತು. ತಿಳಿದ ಮೇಲೆ ಅಲ್ಲಿ ಕೂರುವುದು ಇನ್ನೂ ಕಷ್ಟವಾಯಿತು.

ರಾಯರು ವರದಿ ಓದಿ ಕುರ್ಚಿಯಿಂದ ಎದ್ದೇಬಿಟ್ಟರು. “ಭೇಷ್! ಹಾಗಾದ್ರೆ ಮರ ಕಡಿದರೆ ಕೊಪ್ಪಲಿನ ಕಟ್ಟೆಗೆ ಬೇಸಿಗೆಯೆಲ್ಲ ನೀರು!”

ನಾನು ಅದನ್ನು ಬರೆದಿರಲಿಲ್ಲ. ಆದರೆ ಬರೆದದ್ದರಿಂದ ಬರುವ ಮಾತು ಅದೇ ಆಗಿತ್ತು. “ದಡ ಹಿಡಿದಿರೋದು ಆ ಬೇರು ಸಾರ್. ನೆರಳು ಹೋದ್ರೆ ನೀರೊಳಗಿನ ಹುಳುಹುಪ್ಪಟೆಯೆಲ್ಲ ಹೋಗುತ್ತೆ.”

“ಹುಳ ಹೋದ್ರೆ ಒಳ್ಳೇದೇ ಅಲ್ವೇನಮ್ಮ?”

“ಅವು ಇದ್ರೇ ನೀರು ಚೆನ್ನಾಗಿರೋದು.”

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. ಕೊನೆಗೆ ಹೇಳಿದರು: “ಲೂಸಮ್ಮ, ಆ ಕೆಂಪಮ್ಮ ಜಾವಕ್ಕೆದ್ದು ಸರದಿಗೆ ಕೊಡ ಇಡ್ತಾಳೆ. ಅವಳಿಗೆ ನಾನು ಹುಳದ ಕಥೆ ಹೇಳಲಾ? ನೀವೇ ಹೇಳಿ, ಬೇರೆ ಏನಾದ್ರೂ ಕಾರಣ ಇದೆಯಾ?”

ಇತ್ತು. ನೀರು ದಿನವೆಲ್ಲ ಹರಿದರೆ, ಸಂಜೆ ವಾಪಸು ಬರುವುದು ಎಂಬುದೇ ಇರುವುದಿಲ್ಲ. ಜಲ್ಲಿ ಒಣಗದಿದ್ದರೆ ಗೊಣಗು ಇಲ್ಲ. ಚಿಕ್ಕಮ್ಮನಿಗೆ ಎದುರು ಹೇಳುವವರು ಇನ್ನೊಮ್ಮೆ ಹೋಗಿಬಿಡುತ್ತಾರೆ. ಇದನ್ನು ಪದವಿ ಪಡೆದ ಹೆಂಗಸು ಆಫೀಸಿನಲ್ಲಿ ನಿಂತು ಯಾವ ಭಾಷೆಯಲ್ಲಿ ಹೇಳಬೇಕು? “ಇಲ್ಲ ಸಾರ್,” ಎಂದೆ. ಹೇಳಿದ್ದರೂ ಮರ ಉಳಿಯುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಾಗನ್ನಿಸುವುದು ನನಗೆ ಅನುಕೂಲವೂ ಹೌದು, ಅದಕ್ಕೇ ಆ ಅನಿಸಿಕೆಯನ್ನು ಅಷ್ಟಾಗಿ ನಂಬುವುದಿಲ್ಲ.

ಚಿಕ್ಕಮ್ಮನಿಗೆ ನಾನೇ ಹೋಗಿ ತಿಳಿಸಿದೆ. ಅವಳು ಅಂಗಳದಲ್ಲಿ ಸೀಬೆಹಣ್ಣು ಆರಿಸುತ್ತಿದ್ದಳು. ಬೇಡವೆನ್ನುತ್ತಾಳೆ, ಅಳುತ್ತಾಳೆ, ಆಗ ನನಗೂ ರಾಯರ ಮುಂದೆ ಮತ್ತೊಮ್ಮೆ ನಿಲ್ಲುವ ಧೈರ್ಯ ಬರುತ್ತದೆ ಎಂದು ಆಸೆಪಟ್ಟಿದ್ದೆ.

“ಕಡೀಲಿ ಬುಡು,” ಎಂದಳು.

“ಚಿಕ್ಕಮ್ಮ, ಮರ ಹೋದ್ರೆ ಸಂಜೆ ಆ ಸದ್ದು ಇರಲ್ಲ. ಗೊತ್ತಾಯ್ತಾ ನಾನು ಹೇಳಿದ್ದು?”

“ಕಿವುಡಿ ಅಲ್ಲ ಕಣೇ ನಾನು. ಕೆಂಪಮ್ಮನ ಮೊಮ್ಮಕ್ಕಳು ನೀರಿಗೆ ಬಾಯ್ಬಾಯ್ ಬಿಡೋವಾಗ, ನನ್ ಜಪಕ್ಕೆ ಅಂತ ಹಳ್ಳ ಕಟ್ಟಾಕ್ಕೊಳ್ಳೋಕಾಯ್ತದಾ? ದೇವರು ಮೆಚ್ತಾನಾ?” ಒಂದು ಹಣ್ಣನ್ನು ಮೂಗಿನ ಹತ್ತಿರ ಹಿಡಿದು ನೋಡಿ ಪಕ್ಕಕ್ಕಿಟ್ಟಳು. “ಇವತ್ತು ಸಂಜೆ ಅವರಿಗೆ ಹೇಳ್ಬುಡ್ತೀನಿ. ಹೇಳ್ದೆ ಮಾಡಿದ್ರೆ ತಪ್ಪಾಯ್ತದೆ.”

ಆ ಸಂಜೆ ಅಲ್ಲಿ ಉಳಿಯದೆ ಊರಿಗೆ ಬಂದುಬಿಟ್ಟೆ.

ಮಳೆಗಾಲ ಮುಗಿದ ಮೇಲೆ ಮರ ಕಡಿದರು. ಬೇಸಿಗೆ ಬಂತು. ರಾಯರು ಹೇಳಿದ ಹಾಗೆಯೇ ಆಯಿತು. ಹಳ್ಳ ಮಧ್ಯಾಹ್ನವೂ ಹರಿಯಿತು, ಕೊಪ್ಪಲಿನ ಕಟ್ಟೆಗೆ ನೀರು ಬಂತು. ಕೆಂಪಮ್ಮ ಆಫೀಸಿಗೆ ಮೊಸರು ತಂದುಕೊಟ್ಟು, “ನಿಮ್ ಗುಮಾಸ್ತಂಗೂ ಒಂದ್ ಲೋಟ ಕೊಡಿ ಬುದ್ಧಿ, ಎದ್ದೋಗೋಕ್ ಮುಂಚೆ,” ಎಂದಳು. ಯಾರಿಗೆ ತಾನೆ ಸಂತೋಷವಾಗುವುದಿಲ್ಲ? ನನಗೂ ಆಯಿತು. ಆದರೆ ಕಲ್ಲು ಮಗುಚಿದಾಗ ಗೂಡು ಹೊತ್ತ ಹುಳುಗಳು ಸಿಗಲಿಲ್ಲ. ಬಿಸಿಲಿಗೆ ಕಲ್ಲಿನ ಮೇಲೆ ಹಸಿರು ಪಾಚಿ ಜಡೆಯಂತೆ ಬೆಳೆದಿತ್ತು, ನೀರು ಉಗುರು ಬೆಚ್ಚಗಿತ್ತು.

ಹಳ್ಳದ ಮುಂದಿನ ಕಥೆಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಬೇರುಗಳು ಕೊಳೆತ ಮೇಲೆ ಒಂದು ಜೋರು ಮಳೆಗೆ ದಡ ಕುಸಿಯಿತು. ಮತ್ತೊಂದಕ್ಕೆ ಇನ್ನಷ್ಟು. ಮರಳು ಬಂದು ಗುಂಡಿಗಳನ್ನು ಮುಚ್ಚಿತು. ನೀರು ಮರಳಿನ ಅಡಿಗೆ ಇಳಿಯಿತು. ಕೆಲವು ವರ್ಷಗಳಲ್ಲಿ ಬೇಸಿಗೆಯ ಹಳ್ಳ ಹಗಲಿರುಳೂ ಒಣಗಿತು. ನಕ್ಷೆಯಲ್ಲಿದ್ದ ಹೆಸರು ಕೊನೆಗೆ ನಿಜವಾಯಿತು. ಆಗ ರಾಯರು ನಿವೃತ್ತರಾಗಿದ್ದರು. ಒಮ್ಮೆ ದಾರಿಯಲ್ಲಿ ಸಿಕ್ಕಾಗ, “ನೀವು ಹೇಳಿದ್ರಿ ಅಲ್ವೇನಮ್ಮ, ದಡದ ವಿಷಯ,” ಎಂದರು. ಕೆಲಸಕ್ಕೆ ಸೇರುವವರು ಗಮನಿಸಬೇಕಾದದ್ದು: ಆ ಮೊದಲ ಬೇಸಿಗೆಯ ಯಶಸ್ಸೂ ನಿಜವೇ ಆಗಿತ್ತು. ಹಳ್ಳ ತಡವಾಗಿ ಉತ್ತರ ಕೊಡುತ್ತದೆ. ಅಷ್ಟರಲ್ಲಿ ಪ್ರಶ್ನೆ ಕೇಳಿದವರು ಬೇರೆ ಊರಿಗೆ ವರ್ಗವಾಗಿರುತ್ತಾರೆ.

ಆ ಮೊದಲ ಬೇಸಿಗೆಗೇ ವಾಪಸು ಹೋಗುತ್ತೇನೆ. ಮರ ಕಡಿದ ಮೇಲೆ ಚಿಕ್ಕಮ್ಮ ಊರೊಳಗೆ ನಮ್ಮ ಮನೆಗೆ ಬಂದುಬಿಡುತ್ತಾಳೆಂದು ಅಮ್ಮ ಕೋಣೆ ತೆರವು ಮಾಡಿಸಿದ್ದಳು. ಚಿಕ್ಕಮ್ಮ ಬರಲಿಲ್ಲ. ಭಾನುವಾರ ಮೊದಲಿನ ಹಾಗೆಯೇ ಬಿಸಿಲಿರುವಾಗಲೇ ಎದ್ದು ಹೊರಟಳು. ಅಮ್ಮ ನನ್ನ ಕಡೆ ನೋಡಿದಳು. ನಾನು ಮಾರನೆಯ ದಿನ ಸೀಸೆಗಳ ಪೆಟ್ಟಿಗೆ ಹಿಡಿದು ಹೋದೆ.

ಸಂಜೆಯ ಹೊತ್ತಿಗೆ ಹಳ್ಳದ ಹತ್ತಿರ ಇಳಿದೆ. ಮರಗಳಿಲ್ಲದೆ ಆ ಜಾಗ ಅಂಗೈಯಂತೆ ಬಯಲಾಗಿತ್ತು, ಬೆಟ್ಟ ಹತ್ತಿರ ಬಂದು ನಿಂತ ಹಾಗೆ ಕಂಡಿತು. ನೀರು ಒಂದೇ ಸಮನೆ, ಒಂದೇ ಸದ್ದಿನಲ್ಲಿ, ಏರಿಳಿತವಿಲ್ಲದೆ ಹರಿಯುತ್ತಿತ್ತು. ಅದರಲ್ಲಿ ಮಾತೆನ್ನಿಸುವಂಥದ್ದು ಏನೂ ಇರಲಿಲ್ಲ. ಗಮನವಿಟ್ಟು ಕೇಳಿದೆ, ಇರಲಿಲ್ಲ. ಚಿಕ್ಕಮ್ಮ ತನ್ನ ಕಲ್ಲಿನ ಮೇಲೆ ಕೂತಿದ್ದಳು. ನನಗೆ ಬೆನ್ನು ಕಾಣುತ್ತಿತ್ತು. ಬೆರಳುಗಳಲ್ಲಿ ಜಪಸರ.

ಅವಳು ಸುಮ್ಮನಿದ್ದಳು. ಜಪ ಮುಗಿದಿದೆ ಎಂದುಕೊಂಡು ಕರೆಯಲು ಬಾಯಿ ತೆರೆದೆ. ಆಗ ಅವಳು ಹೇಳಿದಳು: “ದೇವಮಾತೆಯೇ, ಪಾಪಿಗಳಾದ ನಮಗಾಗಿ ಈಗಲೂ ನಮ್ಮ ಮರಣದ ಗಳಿಗೆಯಲ್ಲೂ ಪ್ರಾರ್ಥಿಸಿರಿ, ಆಮೆನ್.”

ಅದು ಎರಡನೆಯ ಅರ್ಧ. ಮೊದಲರ್ಧ ನನಗೆ ಕೇಳಿಸಿರಲಿಕ್ಕಿಲ್ಲ ಎಂದು ಹತ್ತಿರ ಹೋದೆ. ಅವಳ ಬೆರಳು ಮುಂದಿನ ಮಣಿಗೆ ಸರಿಯಿತು. ಅವಳು ಬಾಯಿ ತೆರೆಯಲಿಲ್ಲ. ಕತ್ತು ಸ್ವಲ್ಪ ಓರೆಯಾಯಿತು, ಮೆಲ್ಲಗೆ ಮಾತಾಡುವವರನ್ನು ಕೇಳಿಸಿಕೊಳ್ಳುವಾಗ ಆಗುವ ಹಾಗೆ. ಒಂದು ಪ್ರಾರ್ಥನೆಯ ಮೊದಲರ್ಧಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ, ಮನೆಯಲ್ಲಿ ಹಿರಿಯರ ಹಿಂದೆ ಹೇಳುವ ಹುಡುಗಿಯ ದನಿಯಲ್ಲಿ, ಎರಡನೆಯ ಅರ್ಧ ಮಾತ್ರ. ಮತ್ತೆ ಮಣಿ. ಮತ್ತೆ ಮೌನ. ಮತ್ತೆ ಎರಡನೆಯ ಅರ್ಧ.

“ಚಿಕ್ಕಮ್ಮ,” ಎಂದೆ.

ಅವಳು ತಿರುಗದೆಯೇ ಕೈಯೆತ್ತಿ ತಡೆದಳು. ಯಾರೋ ಹೇಳುತ್ತಿರುವಾಗ ನಡುವೆ ಬಾಯಿ ಹಾಕಬಾರದೆಂದು ಚಿಕ್ಕಂದಿನಲ್ಲಿ ನಮ್ಮನ್ನು ತಡೆಯುತ್ತಿದ್ದಳಲ್ಲ, ಹಾಗೆ. ನಾನು ನಿಂತೆ. ಸರ ಮುಗಿಯುವವರೆಗೂ ನಿಂತೇ ಇದ್ದೆ. ಆ ಮೌನಗಳಲ್ಲಿ ನನಗೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಇದನ್ನು ದಿನಚರಿಯಲ್ಲಿ ಬರೆದಿದ್ದೇನೆ, ನೆನಪೂ ಅದನ್ನೇ ಹೇಳುತ್ತದೆ.

ಮುಗಿದ ಮೇಲೆ ಅವಳು ಶಿಲುಬೆಯ ಗುರುತು ಹಾಕಿಕೊಂಡು, ಸೆರಗು ಕೊಡವಿ ಎದ್ದಳು. ಮುಖ ಸಮಾಧಾನವಾಗಿತ್ತು, ಬಹಳ ದಿನದ ಮೇಲೆ ಯಾರೋ ಕೈಯಿಂದ ಹೊರೆ ಇಳಿಸಿಕೊಂಡ ಹಾಗೆ. “ಬಾ ಮಗಾ, ಒಲೆ ಹೊತ್ತಿಸ್ಬೇಕು,” ಎಂದು ಮುಂದೆ ನಡೆದಳು. ಬೇಲಿಯವರೆಗೂ ತಡೆದುಕೊಂಡು ಬಂದು, ಅಲ್ಲಿ ಕೇಳಿದೆ. ಅವಳು ತಡಿಕೆ ಸರಿಸಿ ನನ್ನನ್ನು ಒಳಗೆ ಬಿಟ್ಟು, ಹಿಂದೆ ಇನ್ನೂ ಯಾರೋ ಬರುವವರಿದ್ದ ಹಾಗೆ ಸ್ವಲ್ಪ ಹೊತ್ತು ಅದನ್ನು ಹಿಡಿದೇ ನಿಂತಿದ್ದಳು. ಹೇಳಲಿಲ್ಲ. ಆಮೇಲೆ ಎಷ್ಟೋ ವರ್ಷ ಬದುಕಿದ್ದಳು, ಒಮ್ಮೆಯೂ ಹೇಳಲಿಲ್ಲ, ನಾನೂ ಮತ್ತೊಮ್ಮೆ ಕೇಳಲಿಲ್ಲ. ಆ ಸಂಜೆ ಕೇಳಿದ್ದು ಇಷ್ಟೇ:

“ಚಿಕ್ಕಮ್ಮ, ನೀನು ಎದುರು ಹೇಳ್ತಾ ಇದ್ದೆಯಲ್ಲ, ಮೊದಲರ್ಧ ಹೇಳ್ತಾ ಇದ್ದೋರು ಯಾರು?”